ಪ್ರಾಸ್ಪೆರೋ ಮಾಡುವುದು ಮಾಟವೋ, ಆಟವೋ?

ಪ್ರಶ್ನೆ: ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಈ ಸಲ ವಾರ್ಷಿಕೋತ್ಸವಕ್ಕೆ ಶೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕವನ್ನು ಕನ್ನಡದಲ್ಲಿ ಆಡಿಸಬೇಕು ಅಂತಿದ್ದೇವೆ. ಓದುವಾಗಲೇ ಹುಡುಗರಲ್ಲಿ ಜಗಳ ಶುರುವಾಗಿದೆ. ನಾಟಕದ ನಾಯಕ, ಮಂತ್ರವಾದಿ ಪ್ರಾಸ್ಪೆರೋ ಮೋಸಹೋದ ಒಳ್ಳೆಯ ಮನುಷ್ಯ ಅಂತ ಅರ್ಧ ಜನ, ಎಲ್ಲರನ್ನೂ ಕುಣಿಸುವ ದಬ್ಬಾಳಿಕೆಯ ಮುದುಕ ಅಂತ ಇನ್ನರ್ಧ. ಅವನ ಮಂತ್ರ ನಿಜವೋ, ಬರೀ ಕಣ್ಕಟ್ಟೋ? ಕೊನೆಗೆ ಅದನ್ನು ಯಾಕೆ ಬಿಡುತ್ತಾನೆ? ನಮ್ಮ ಹತ್ತಿರ ದುಡ್ಡು ಕಡಿಮೆ. ಇದನ್ನೆಲ್ಲ ರಂಗದ ಮೇಲೆ ತೋರಿಸುವುದು ಹೇಗೆ?

ಉತ್ತರ: ದುಡ್ಡಿನ ಮಾತು ಮೊದಲು ಮುಗಿಸೋಣ. ದುಡ್ಡು ಕಡಿಮೆ ಇರುವುದು ನಿಮ್ಮ ಅದೃಷ್ಟ. ಬಹಳ ವರ್ಷದ ಹಿಂದೆ ವಿಜಯಪುರದಲ್ಲಿ ನಾವು ಇದೇ ನಾಟಕ ಆಡಿಸಿದಾಗ ಕೈಯಲ್ಲಿ ನಾಲ್ಕು ಕಾಸು ಜಾಸ್ತಿ ಇತ್ತು. ಹೊಗೆ ಬಿಡುವ ಯಂತ್ರ ಬಾಡಿಗೆಗೆ ತಂದೆವು. ಕೊಟ್ಟವನು ಅದನ್ನು ಶುರು ಮಾಡುವುದು ಹೇಗೆ ಅಂತ ಹೇಳಿದ, ನಿಲ್ಲಿಸುವುದು ಹೇಗೆ ಅಂತ ಹೇಳಲಿಲ್ಲ. ಬಿರುಗಾಳಿಯ ದೃಶ್ಯ ಮುಗಿದು ಪ್ರಾಸ್ಪೆರೋನ ಮಗಳು ಮಿರಾಂಡಾ ಬಂದಳು. ಮುಖ ಕಾಣಲಿಲ್ಲ, ಕೆಮ್ಮು ಮಾತ್ರ ಕೇಳಿಸಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜರೊಬ್ಬರು ಜೋರಾಗಿಯೇ, “ಒಳಗ ಒಲಿ ಹಚ್ಯಾರೇನ್ರೀ?” ಅಂದರು. ಸಭೆಯೆಲ್ಲ ನಕ್ಕಿತು. ಆ ರಾತ್ರಿ ನಮ್ಮ ಪ್ರಾಸ್ಪೆರೋ ಎಷ್ಟು ಕೋಲು ಬೀಸಿದರೂ ಯಾರೂ ಹೆದರಲಿಲ್ಲ.

ಆಗ ಸಿಟ್ಟು ಬಂದಿತ್ತು. ಆಮೇಲೆ ನಾಟಕವನ್ನು ಮತ್ತೆ ಓದುವಾಗ ಅನ್ನಿಸಿತು, ಅಜ್ಜ ಕೇಳಿದ್ದು ಸರಿಯಾದ ಪ್ರಶ್ನೆಯೇ. ಪ್ರಾಸ್ಪೆರೋನ ಮನೆಯಲ್ಲಿ ಒಲೆ ಹಚ್ಚುವವರು ಯಾರು?

ಕಥೆ ಗೊತ್ತಿಲ್ಲದ ಓದುಗರಿಗೆ ನಾಲ್ಕು ಸಾಲು. ಪ್ರಾಸ್ಪೆರೋ ಮಿಲಾನಿನ ದೊರೆ. ಪುಸ್ತಕದ ಹುಚ್ಚು. ರಾಜ್ಯಭಾರ ತಮ್ಮ ಆಂಟೋನಿಯೋನ ತಲೆಗೆ ಕಟ್ಟಿ ತಾನು ಓದುತ್ತ ಕೂತ. ತಮ್ಮ ನೇಪಲ್ಸಿನ ರಾಜ ಅಲೋನ್ಸೋನ ಜೊತೆ ಸೇರಿಕೊಂಡು ಅಣ್ಣನನ್ನೂ, ಇನ್ನೂ ಮೂರು ತುಂಬದ ಅವನ ಮಗಳು ಮಿರಾಂಡಾಳನ್ನೂ ಲಡ್ಡು ಹಿಡಿದ ದೋಣಿಗೆ ಹಾಕಿ ಸಮುದ್ರಕ್ಕೆ ನೂಕಿದ. ಗೊಂಜಾಲೋ ಎಂಬ ಮುದುಕ ಮರುಗಿ, ದೋಣಿಯಲ್ಲಿ ಅನ್ನ, ನೀರು, ಬಟ್ಟೆ ಇಟ್ಟ, ಜೊತೆಗೆ ಪುಸ್ತಕಗಳನ್ನೂ ಇಟ್ಟ. ತಂದೆ ಮಗಳು ಒಂದು ದ್ವೀಪ ಸೇರಿದರು. ಅಲ್ಲಿ ಏರಿಯಲ್ ಅನ್ನುವ ಗಾಳಿಜೀವ ಮತ್ತು ಕ್ಯಾಲಿಬನ್ ಅನ್ನುವ ಹುಡುಗ ಪ್ರಾಸ್ಪೆರೋನ ಕೈಯಾಳುಗಳಾದರು. 12 ವರ್ಷದ ಮೇಲೆ ಶತ್ರುಗಳ ಹಡಗು ಅದೇ ದಾರಿಯಲ್ಲಿ ಬಂತು. ಬಿರುಗಾಳಿ ಎದ್ದಿತು. ಮಧ್ಯಾಹ್ನ ಎರಡಕ್ಕೆ ಶುರುವಾದ ಕಥೆ ಸಂಜೆ ಆರಕ್ಕೆ ಮುಗಿಯುತ್ತದೆ.

ಈಗ ಒಲೆಗೆ ಬರೋಣ. ಮೊದಲ ಅಂಕದಲ್ಲಿ ಮಿರಾಂಡಾ, ಆ ಕ್ಯಾಲಿಬನ್ ಮುಖ ನೋಡಲು ನನಗೆ ಇಷ್ಟವಿಲ್ಲ ಅನ್ನುತ್ತಾಳೆ. ಅದಕ್ಕೆ ಅಪ್ಪ ಹೇಳುವುದು: ಏನು ಮಾಡುವುದು, ಅವನಿಲ್ಲದೆ ನಮಗೆ ನಡೆಯದು, ಒಲೆ ಹಚ್ಚುವವನು ಅವನು, ಕಟ್ಟಿಗೆ ತರುವವನು ಅವನು. ಈ ಸಾಲನ್ನು ಬಹಳ ಜನ ಸುಮ್ನೆ ದಾಟಿಬಿಡುತ್ತಾರೆ. ಸಮುದ್ರವನ್ನೇ ಎಬ್ಬಿಸುವ ಮಂತ್ರವಾದಿಗೆ ತನ್ನ ಮನೆಯ ಒಲೆ ಹಚ್ಚಲು ಬಾರದು! ಬಿರುಗಾಳಿಯನ್ನೂ ಅವನು ಕೈಯಾರೆ ಎಬ್ಬಿಸಿದ್ದಲ್ಲ. ಏರಿಯಲ್ ಬಂದು ವರದಿ ಕೊಡುವುದನ್ನು ಓದಿ ನೋಡಿ. ಹಡಗಿನ ಮೂತಿಗೆ ಹೋದೆ, ನಡುವಿಗೆ ಹೋದೆ, ಕೋಣೆ ಕೋಣೆಯಲ್ಲೂ ಬೆಂಕಿಯಾಗಿ ಉರಿದೆ ಅನ್ನುತ್ತದೆ. ಒಬ್ಬರ ಕೂದಲೂ ಕೊಂಕಲಿಲ್ಲ, ಬಟ್ಟೆ ಮೊದಲಿಗಿಂತ ಹೊಸದಾಗಿವೆ ಅನ್ನುತ್ತದೆ. ಆ ಮಾತಿನ ಬೆನ್ನಲ್ಲೇ, ನನ್ನ ಬಿಡುಗಡೆ ಯಾವಾಗ ಅಂತ ಕೇಳುತ್ತದೆ. ಇದು ಕೂಲಿಯಾಳು ಸಂಜೆ ಪಗಾರ ಕೇಳುವ ಧಾಟಿ. ಪ್ರಾಸ್ಪೆರೋ ಏನು ಮಾಡುತ್ತಾನೆ? ಹಳೆಯ ಉಪಕಾರ ಎತ್ತಿ ಆಡುತ್ತಾನೆ. ಸಿಕೊರಾಕ್ಸ್ ಎಂಬ ಮಾಟಗಾತಿ ನಿನ್ನನ್ನು ಪೈನ್ ಮರದ ಸೀಳಿನಲ್ಲಿ 12 ವರ್ಷ ಸಿಕ್ಕಿಸಿದ್ದಳು, ಬಿಡಿಸಿದವನು ನಾನು, ಮರೆತೆಯಾ? ಇನ್ನೊಮ್ಮೆ ಗೊಣಗಿದರೆ ಓಕ್ ಮರ ಸೀಳಿ ಅದರಲ್ಲಿ ಇನ್ನೊಂದು 12 ವರ್ಷ ಇಡುತ್ತೇನೆ. ನಮ್ಮ ತಾಲೀಮಿನಲ್ಲಿ ಒಬ್ಬ ಹುಡುಗ ಇಲ್ಲಿಗೆ ಬಂದಾಗ ಪುಸ್ತಕ ಮುಚ್ಚಿಟ್ಟು, “ಸರ್, ಇಂವಾ ನಮ್ಮೂರ ಸಾವ್ಕಾರ ಇದ್ದಂಗ ಅದಾನ್ರೀ” ಅಂದ. ಅವನಿಗೇ ಏರಿಯಲ್ ಪಾತ್ರ ಕೊಟ್ಟೆ.

ಹಾಗಾದರೆ ಪ್ರಾಸ್ಪೆರೋನ ಕೈಯಲ್ಲಿರುವುದು ಏನು? ನನ್ನ ಪ್ರಕಾರ ಕಣ್ಕಟ್ಟು. ಈ ಪದ ನಮ್ಮ ಭಾಷೆಯಲ್ಲಿ ಇರುವುದೇ ಒಂದು ಭಾಗ್ಯ. ಕಣ್ಣನ್ನು ಕಟ್ಟುವುದು, ಅಷ್ಟೇ. ಅವನು ಜನರಿಗೆ ಇಲ್ಲದ್ದನ್ನು ತೋರಿಸಬಲ್ಲ, ಕೇಳಿಸಬಲ್ಲ, ನಿದ್ದೆ ಬರಿಸಬಲ್ಲ, ಕಾಲು ಹಿಡಿದು ನಿಲ್ಲಿಸಬಲ್ಲ, ಮೈಗೆ ಚಿವುಟು ನೋವು ಕೊಡಬಲ್ಲ. ಮನಸ್ಸಿನ ಬಾಗಿಲಿಗೆ ಬಂದಾಗ ಅವನ ಕೋಲು ಕೆಲಸ ಮಾಡುವುದಿಲ್ಲ. ನಾಟಕ ಪೂರ್ತಿ ಈ ಗೆರೆಯ ಮೇಲೆ ನಿಂತಿದೆ ಅಂತ ನಾನು ಓದುತ್ತೇನೆ. ನಿಮ್ಮ ಹುಡುಗರ ಜಗಳಕ್ಕೂ ಉತ್ತರ ಇಲ್ಲೇ ಸಿಗಬಹುದು.

ಎರಡನೆಯ ಅಂಕ ನೋಡಿ. ದಡ ಸೇರಿದವರು ದ್ವೀಪ ನೋಡುತ್ತಿದ್ದಾರೆ. ಗೊಂಜಾಲೋ, ಹುಲ್ಲು ಎಷ್ಟು ಹಸಿರಾಗಿದೆ ಅನ್ನುತ್ತಾನೆ. ಆಂಟೋನಿಯೋ, ನೆಲವೆಲ್ಲ ಕಂದು ಬಣ್ಣ ಅನ್ನುತ್ತಾನೆ. ಅಲ್ಲಿ ಯಾರೂ ಮಂತ್ರ ಹಾಕಿಲ್ಲ. ಒಂದೇ ನೆಲ, ಎರಡು ಕಣ್ಣು. ಬಟ್ಟೆ ಒದ್ದೆಯಾಗಿಲ್ಲ ಅನ್ನುವುದು ಗೊಂಜಾಲೋಗೆ ಮಾತ್ರ ಕಾಣುತ್ತದೆ, ಉಳಿದವರು ಅವನನ್ನು ಗೇಲಿ ಮಾಡುತ್ತಾರೆ. ಮಂತ್ರವಾದಿ ಬರುವ ಮೊದಲೇ ಜನ ತಮ್ಮ ಕಣ್ಣು ತಾವೇ ಕಟ್ಟಿಕೊಂಡಿರುತ್ತಾರೆ, ಅಲ್ವಾ?

ಮಾಟವೋ ವಿದ್ಯೆಯೋ ಅನ್ನುವ ಪ್ರಶ್ನೆ ಆಗಿನ ಲಂಡನ್ನಿನಲ್ಲಿ ತಮಾಷೆಯದಲ್ಲ. ಈ ನಾಟಕ 1611ರ ನವೆಂಬರ್ 1ರಂದು ರಾಜ ಜೇಮ್ಸ್‌ನ ಆಸ್ಥಾನದಲ್ಲಿ ಆಡಿದ ದಾಖಲೆ ಇದೆ. ಆ ಜೇಮ್ಸ್ 1597ರಲ್ಲಿ ಭೂತಪ್ರೇತ, ಮಾಟಗಾತಿಯರ ಬಗ್ಗೆ ತಾನೇ ಒಂದು ಪುಸ್ತಕ ಬರೆದವನು. 1604ರಲ್ಲಿ ಅವನ ಕಾಲದ ಕಾನೂನು ದುಷ್ಟಶಕ್ತಿಗಳನ್ನು ಕರೆಯುವವರಿಗೆ ಮರಣದಂಡನೆ ಹೇಳಿತ್ತು. ಅಂಥವನ ಮುಂದೆ ಮಂತ್ರವಾದಿಯನ್ನು ನಾಯಕ ಮಾಡಿ ನಿಲ್ಲಿಸಲು ಧೈರ್ಯ ಬೇಕು. ಶೇಕ್ಸ್‌ಪಿಯರ್ ಜಾಣ. ಸಿಕೊರಾಕ್ಸ್‌ಳದ್ದು ಮಾಟ, ಪ್ರಾಸ್ಪೆರೋನದ್ದು ಪುಸ್ತಕದ ವಿದ್ಯೆ ಅಂತ ಮೊದಲೇ ಬೇರೆ ಮಾಡಿ ಇಟ್ಟ. ಆದರೆ ಐದನೆಯ ಅಂಕದಲ್ಲಿ ಪ್ರಾಸ್ಪೆರೋ ತನ್ನ ಶಕ್ತಿಯನ್ನೆಲ್ಲ ಎಣಿಸುವ ದೊಡ್ಡ ಮಾತು ಬರುತ್ತದಲ್ಲ, ಸೂರ್ಯನನ್ನು ಮಂಕು ಮಾಡಿದೆ, ಗೋರಿ ತೆರೆಸಿ ಸತ್ತವರನ್ನು ಎಬ್ಬಿಸಿದೆ ಅನ್ನುವುದು, ಅದು ರೋಮನ್ ಕವಿ ಓವಿಡ್‌ನ ಕಾವ್ಯದಿಂದ ಎತ್ತಿದ್ದು. ಅಲ್ಲಿ ಆ ಮಾತು ಆಡುವವಳು ಮೀಡಿಯಾ, ಹೆಸರಾಂತ ಮಾಟಗಾತಿ. ಒಳ್ಳೆಯ ಮಂತ್ರವಾದಿಯ ಬಾಯಲ್ಲಿ ಮಾಟಗಾತಿಯ ಮಾತು! ಓದಿಕೊಂಡ ಪ್ರೇಕ್ಷಕನಿಗೆ ಅಲ್ಲಿ ಮೈ ಜುಮ್ಮೆಂದಿರಬೇಕು. ತಾನು ಸಿಕೊರಾಕ್ಸ್‌ಳಿಂದ ಎಷ್ಟು ದೂರ ಇದ್ದೇನೆ ಅಂತ ಅವನು ತಿಳಿದಿದ್ದನೋ, ಅಷ್ಟು ದೂರ ಇಲ್ಲ. ಅವಳು ಏರಿಯಲ್‌ನನ್ನು ಒಂದು ಮರದಲ್ಲಿ ಇಟ್ಟಳು, ಇವನು ಇನ್ನೊಂದು ಮರ ತೋರಿಸಿ ಹೆದರಿಸುತ್ತಾನೆ.

ಇದು ನಮಗೆ ದೂರದ ಕಥೆ ಅಂತ ವಿದ್ಯಾರ್ಥಿಗಳು ಹೇಳಿದರೆ ವಿಜಯಪುರದ ಕಡೆ ಕೈ ತೋರಿಸಿ. ಇದೇ 1611ರಲ್ಲಿ ಬಿಜಾಪುರದ ಗಾದಿಯ ಮೇಲೆ ಇದ್ದವನು ಎರಡನೆಯ ಇಬ್ರಾಹಿಂ ಆದಿಲ್ ಷಾ, ಜಗದ್ಗುರು ಅನ್ನಿಸಿಕೊಂಡವನು. ಸಂಗೀತ, ನವರಸ ಅಂದರೆ ಪ್ರಾಣ. ನವರಸಪುರ ಅಂತ ಊರನ್ನೇ ಕಟ್ಟಿಸಲು ಹೊರಟಿದ್ದ. ಅವನಿಗಿಂತ ಮೊದಲು ಆಳಿದ ಒಂದನೆಯ ಅಲಿ ಆದಿಲ್ ಷಾನ ಕಾಲದಲ್ಲಿ, 1570ರಲ್ಲಿ, ‘ನುಜೂಮುಲ್ ಉಲೂಮ್’ ಅನ್ನುವ ಚಿತ್ರಗ್ರಂಥ ಬಿಜಾಪುರದಲ್ಲಿ ತಯಾರಾಯಿತು. ಅದರಲ್ಲಿ ಗ್ರಹ ನಕ್ಷತ್ರ ಇದೆ, ತಾಯಿತ ಯಂತ್ರ ಇದೆ, ಆನೆ ಕುದುರೆ ಇದೆ. ಮಂತ್ರದಿಂದ ವಶ ಮಾಡಿಕೊಳ್ಳಬಹುದಾದ ಶಕ್ತಿಗಳ ಚಿತ್ರಗಳೂ ಇವೆ. ಈಗ ಅದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಅಂದರೆ ಪುಸ್ತಕ ಇಟ್ಟುಕೊಂಡು ಶಕ್ತಿಗಳನ್ನು ಕೆಲಸಕ್ಕೆ ಕರೆಯುವ ದೊರೆ ನಮ್ಮ ಊರಿಗೆ ಹೊಸಬನಲ್ಲ. ರಾಜವಿದ್ಯೆಯಲ್ಲಿ ಅದೂ ಒಂದು ಪಾಠವಾಗಿತ್ತು. ಪ್ರಾಸ್ಪೆರೋ ಆ ಪಾಠ ಓದಿದ, ಮಿಕ್ಕ ಪಾಠಗಳನ್ನು ತಮ್ಮನಿಗೆ ಬಿಟ್ಟ. ಅವನ ತಪ್ಪು ಅಲ್ಲಿಂದ ಶುರು.

ಪ್ರಾಸ್ಪೆರೋನ ಶಕ್ತಿ ಪುಸ್ತಕದಲ್ಲಿದೆ ಅನ್ನುವುದು ಕ್ಯಾಲಿಬನ್‌ಗೆ ಚೆನ್ನಾಗಿ ಗೊತ್ತು. ಮುದುಕನನ್ನು ಕೊಲ್ಲುವ ಮೊದಲು ಅವನ ಪುಸ್ತಕ ಹಿಡಿಯಿರಿ, ಅವಿಲ್ಲದಿದ್ದರೆ ಅವನೂ ನನ್ನ ಹಾಗೆ ದಡ್ಡ ಅಂತ ಹೇಳಿಕೊಡುತ್ತಾನೆ. ಯಾರಿಗೆ? ಸ್ಟೆಫಾನೋ, ಟ್ರಿಂಕ್ಯುಲೋ ಎಂಬ ಇಬ್ಬರು ಕುಡುಕ ಆಳುಗಳಿಗೆ. ಈ ದೃಶ್ಯಗಳನ್ನು ಬರೀ ನಗೆಗೆ ಬಿಡಬೇಡಿ. ಸ್ಟೆಫಾನೋ ಕ್ಯಾಲಿಬನ್ ಬಾಯಿಗೆ ಶೆರೆ ಸುರಿಯುತ್ತಾನೆ. ಕ್ಯಾಲಿಬನ್ ಅವನನ್ನು ದೇವರು ಅಂತ ತಿಳಿದು ಕಾಲಿಗೆ ಬೀಳುತ್ತಾನೆ. ಅಲ್ಲಿ ಸ್ಟೆಫಾನೋ ಬಾಟಲಿ ಮುಂದೆ ಹಿಡಿದು ‘ಪುಸ್ತಕಕ್ಕೆ ಮುತ್ತು ಕೊಡು’ ಅನ್ನುತ್ತಾನೆ. ಧರ್ಮಗ್ರಂಥ ಮುಟ್ಟಿ ಆಣೆ ಮಾಡುವ ಕ್ರಮದ ಅಣಕ ಅದು. ಒಬ್ಬ ದೊರೆಯ ಶಕ್ತಿ ಪುಸ್ತಕದಲ್ಲಿ, ಇನ್ನೊಬ್ಬನ ಶಕ್ತಿ ಬಾಟಲಿಯಲ್ಲಿ, ಎರಡಕ್ಕೂ ಒಂದೇ ಹೆಸರು. ಬಾಟಲಿಯನ್ನು ಪ್ರಾಸ್ಪೆರೋ ಪುಸ್ತಕ ಹಿಡಿಯುವ ಕೈಯ ಭಂಗಿಯಲ್ಲೇ ಹಿಡಿಸಿ ನೋಡಿ. ಚುನಾವಣೆ ನೋಡಿದ ಯಾವ ಊರಿನವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಲಿಬನ್ ಬಗ್ಗೆ ಒಂದು ಎಚ್ಚರಿಕೆ. ನಿಮ್ಮ ಹುಡುಗರು ಅವನಿಗೆ ಮಾತ್ರ ಜವಾರಿ ಮಾತು ಕೊಟ್ಟು, ಉಳಿದವರಿಗೆಲ್ಲ ಗ್ರಂಥದ ಕನ್ನಡ ಕೊಡಲು ಹೊರಡುತ್ತಾರೆ. ದಯವಿಟ್ಟು ಬೇಡ. ನಮ್ಮದೇ ಮಾತು ರಾಕ್ಷಸನ ಮಾತಾಗಿಬಿಡುತ್ತದೆ. ನೀನು ನನಗೆ ಮಾತು ಕಲಿಸಿದೆ, ಅದರಿಂದ ಆದ ಲಾಭ ಅಂದರೆ ಬೈಯಲು ಬಂತು ಅಂತ ಹೇಳುವವನು ಅವನು. ಕಲಿಸಿದವನ ಭಾಷೆಯನ್ನೇ ಕಲಿಸಿದವನ ಮೇಲೆ ತಿರುಗಿಸಿದವನು. ಈ ದ್ವೀಪ ನನ್ನದು, ನನ್ನ ತಾಯಿ ಸಿಕೊರಾಕ್ಸ್‌ಳಿಂದ ಬಂದದ್ದು, ನೀನು ಕಸಿದುಕೊಂಡೆ ಅನ್ನುವ ಅವನ ಮಾತಿಗೆ ಪ್ರಾಸ್ಪೆರೋ ನೇರ ಉತ್ತರ ಕೊಡುವುದೇ ಇಲ್ಲ. ನನ್ನ ಮಗಳ ಮೇಲೆ ಕೈ ಮಾಡಲು ಹೋದೆ ಅಂತ ಬೇರೆ ಮಾತು ತೆಗೆಯುತ್ತಾನೆ. ಆ ಆರೋಪವೂ ಸುಳ್ಳಲ್ಲ, ಕ್ಯಾಲಿಬನ್ ಅದನ್ನು ಅಲ್ಲಗಳೆಯುವುದಿಲ್ಲ. ಎರಡೂ ನಿಜ. ವಸಾಹತುಗಳ ಜನ ಈ ನಾಟಕವನ್ನು ತಮ್ಮ ಕಡೆಯಿಂದ ಓದಿದ್ದು ಸಹಜವೇ. ಮಾರ್ಟಿನಿಕ್‌ನ ಕವಿ ಏಮೆ ಸೆಜೇರ್ 1969ರಲ್ಲಿ ಕ್ಯಾಲಿಬನ್ ಪರವಾಗಿ ಇದನ್ನು ಮತ್ತೆ ಬರೆದ. ನಿಮ್ಮ ಎರಡನೆಯ ಅರ್ಧದ ಹುಡುಗರು ಅವನ ಕಡೆಯವರು. ಆದರೆ ಒಂದು ಸಂಗತಿ ಅವರ ಗಮನಕ್ಕೆ ತನ್ನಿ. ಇಡೀ ನಾಟಕದಲ್ಲಿ ದ್ವೀಪದ ಸದ್ದುಗಳ ಬಗ್ಗೆ ಅತಿ ಚೆಂದದ ಮಾತು ಕ್ಯಾಲಿಬನ್‌ನದ್ದು. ಹೆದರಬೇಡಿ, ಈ ದ್ವೀಪದ ತುಂಬ ಸದ್ದುಗಳಿವೆ, ಕೇಡು ಮಾಡುವುದಿಲ್ಲ, ನಿದ್ದೆಯಲ್ಲಿ ಕನಸು ಬಿದ್ದು ಎಚ್ಚರಾದರೆ ಮತ್ತೆ ಆ ಕನಸಿಗಾಗಿ ಅಳುತ್ತಿದ್ದೆ ಅನ್ನುತ್ತಾನೆ. ಬೇರೆಯವರಿಗೆ ಆ ಸದ್ದು ಭಯ. ಅವನಿಗೆ ಮನೆ.

ಮೂರನೆಯ ಅಂಕದ ಊಟದ ದೃಶ್ಯ ನಿಮಗೆ ಕಷ್ಟ ಅನ್ನಿಸಬಹುದು. ಹಸಿದವರ ಮುಂದೆ ಮೇಜು ಬರುತ್ತದೆ, ಕೈ ಚಾಚಿದರೆ ಏರಿಯಲ್ ರಣಹದ್ದಿನ ಹಾಗೆ ಬಂದು ರೆಕ್ಕೆ ಬಡಿಯುತ್ತದೆ, ಊಟ ಮಾಯ. ನಾಟಕದ ಮೊದಲ ಅಚ್ಚಿನಲ್ಲಿ, ಅಂದರೆ 1623ರದ್ದರಲ್ಲಿ, ಅಲ್ಲಿ ‘ಒಂದು ಜಾಣ ಉಪಾಯದಿಂದ’ ಮಾಯವಾಗುತ್ತದೆ ಅಂತ ಮಾತ್ರ ಇದೆ. ಉಪಾಯ ಏನು ಅಂತ ಬರೆದಿಲ್ಲ. ನಮ್ಮ ಕಂಪನಿ ನಾಟಕದವರು ಕಣ್ಣೆದುರೇ ದೃಶ್ಯ ಬದಲಾಗುವ ಟ್ರಾನ್ಸ್‌ಫರ್ ಸೀನ್ ಗುಟ್ಟು ಬಿಟ್ಟುಕೊಡದ ಹಾಗೆಯೇ. ನೀವು ತಲೆ ಕೆಡಿಸಿಕೊಳ್ಳಬೇಡಿ. ಒಂದು ಹಾಸಿನ ಮೇಲೆ ಊಟ ಇಡಿ, ನಾಲ್ಕು ಮೂಲೆ ಹಿಡಿದು ಗಂಟು ಕಟ್ಟಿಕೊಂಡು ಏರಿಯಲ್ ಎಲ್ಲರೂ ನೋಡುವ ಹಾಗೆ ಹೊತ್ತು ಹೋಗಲಿ. ಮುಖ್ಯವಾದದ್ದು ಆಮೇಲಿನ ಮಾತು. ಕತ್ತಿ ಹಿರಿದವರಿಗೆ ಏರಿಯಲ್ ಹೇಳುತ್ತದೆ: ನಿಮ್ಮ ಕತ್ತಿಯಿಂದ ಗಾಳಿಯನ್ನು ಗಾಯ ಮಾಡಬಹುದೇ? ತಿವಿದಷ್ಟೂ ಕೂಡಿಕೊಳ್ಳುವ ನೀರನ್ನು ಕೊಲ್ಲಬಹುದೇ? ನಮ್ಮ ಹುಡುಗರಿಗೆ ಇದು ಇಂಗ್ಲಿಷಿನಲ್ಲಿ ಹತ್ತಲಿಲ್ಲ. ಅಲ್ಲಮ ಮತ್ತು ಸಿದ್ಧಯೋಗಿ ಗೋರಕ್ಷನ ಕಥೆ ಹೇಳಿದೆ. ಗೋರಕ್ಷನ ಮೈಗೆ ಕತ್ತಿ ಬೀಸಿದರೆ ಖಣ್ ಅಂತ ಸದ್ದು. ಅಲ್ಲಮನ ಮೈಗೆ ಬೀಸಿದರೆ ಬಯಲಲ್ಲಿ ಬೀಸಿದ ಹಾಗೆ, ಕತ್ತಿ ಆಚೆ ಹೋಯಿತು. ಕೂಡಲೇ ಹತ್ತಿತು. ಕೂಡಲಸಂಗಮದ ಜಿಲ್ಲೆಯವರಿಗೆ ಈ ಕಥೆ ನಾನು ಹೇಳಬೇಕೇ? ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಪ್ರಾಸ್ಪೆರೋ ಗೋರಕ್ಷನ ಜಾತಿ, ಸಾಧಿಸಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡವನು. ಏರಿಯಲ್ ಬಯಲು.

ಮಂತ್ರ ಎಲ್ಲಿ ಸೋಲುತ್ತದೆ ಅನ್ನುವುದು ಕೊನೆಯ ಅಂಕದಲ್ಲಿದೆ. ಶತ್ರುಗಳೆಲ್ಲ ಕೈಗೆ ಸಿಕ್ಕಿ ಬುದ್ಧಿಭ್ರಮೆಯಲ್ಲಿ ನಿಂತಿದ್ದಾರೆ. ಏರಿಯಲ್ ಹೇಳುತ್ತದೆ: ಈಗ ಅವರನ್ನು ನೋಡಿದರೆ ನಿಮ್ಮ ಮನಸ್ಸು ಕರಗೀತು. ಹಾಗಂತೀಯಾ ಅಂತ ಇವನು ಕೇಳುತ್ತಾನೆ. ನಾನು ಮನುಷ್ಯನಾಗಿದ್ದರೆ ನನ್ನದು ಕರಗುತ್ತಿತ್ತು ಅನ್ನುತ್ತದೆ ಏರಿಯಲ್. ಅಷ್ಟೇ. ಗಾಳಿಗೆ ಇರುವ ಕರುಣೆ ನನಗಿಲ್ಲವೇ ಅಂತ ಮುದುಕ ನಾಚುತ್ತಾನೆ. ಕ್ಷಮಿಸುವುದು ಹೆಚ್ಚು ದೊಡ್ಡದು ಅಂತ ಹೇಳಿ, ಕೋಲು ಮುರಿಯುತ್ತೇನೆ, ಪುಸ್ತಕ ಮುಳುಗಿಸುತ್ತೇನೆ ಅನ್ನುತ್ತಾನೆ. ನಿಮ್ಮ ‘ಯಾಕೆ ಬಿಡುತ್ತಾನೆ’ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಈ ನಾಲ್ಕು ಸಾಲು. ಒಂದು ಸೂಕ್ಷ್ಮ ಗಮನಿಸಿ. ಮೂಲದಲ್ಲಿ ಅವನು ಕೋಲು ಮುರಿಯುವ ಸೂಚನೆ ಎಲ್ಲೂ ಇಲ್ಲ, ಮುರಿಯುತ್ತೇನೆ ಅನ್ನುವ ಮಾತು ಮಾತ್ರ ಇದೆ. ಅಧಿಕಾರ ಬಿಡುತ್ತೇನೆ ಅನ್ನುವವರು ಬಿಡುವ ದಿನ ಹೇಳುವುದಿಲ್ಲ ನೋಡಿ! ಮುರಿಸಬೇಕೋ ಬೇಡವೋ ನೀವು ನಿರ್ಧರಿಸಿ.

ಆಮೇಲೆ ಕ್ಷಮೆ. ಅಲೋನ್ಸೋ ಪಶ್ಚಾತ್ತಾಪ ಪಟ್ಟು ಕ್ಷಮೆ ಕೇಳುತ್ತಾನೆ. ತಮ್ಮ ಆಂಟೋನಿಯೋ? ಅಣ್ಣ ಕ್ಷಮಿಸಿದ್ದೇನೆ ಅಂದರೂ ಅವನು ಒಂದು ಮಾತೂ ಉತ್ತರ ಕೊಡುವುದಿಲ್ಲ. ಆ ದೃಶ್ಯದಲ್ಲಿ ಅವನು ಬಾಯಿ ಬಿಡುವುದು ಒಂದೇ ಸಲ, ಕ್ಯಾಲಿಬನ್‌ನನ್ನು ನೋಡಿ, ಇದನ್ನು ಮೀನಿನ ಹಾಗೆ ಮಾರಬಹುದು ಅನ್ನಲು. ಸಮುದ್ರ ಕಲಕಿದ ಮಂತ್ರ ಒಬ್ಬ ತಮ್ಮನ ಮನಸ್ಸು ಕಲಕಲಿಲ್ಲ. ಆಂಟೋನಿಯೋ ಪಾತ್ರಕ್ಕೆ ಒಳ್ಳೆಯ ನಟನನ್ನೇ ಹಾಕಿ. ಅಲ್ಲಿ ಸುಮ್ಮನೆ ನಿಲ್ಲುವುದೇ ಅವನ ಪಾತ್ರ.

ನನಗೆ ಎಲ್ಲಕ್ಕಿಂತ ಇಷ್ಟದ ಕ್ಷಣ ಇದರ ಹಿಂದೆಯೇ ಬರುತ್ತದೆ. ಅಲೋನ್ಸೋ ತನ್ನ ಮಗ ಫರ್ಡಿನೆಂಡ್ ಮುಳುಗಿ ಸತ್ತ ಅಂತ ನಂಬಿದ್ದಾನೆ. ಪ್ರಾಸ್ಪೆರೋ ಒಂದು ಪರದೆ ಸರಿಸುತ್ತಾನೆ. ಒಳಗೆ ಫರ್ಡಿನೆಂಡ್ ಮತ್ತು ಮಿರಾಂಡಾ ಚದುರಂಗ ಆಡುತ್ತ ಕೂತಿದ್ದಾರೆ. ನೀವು ಮೋಸ ಮಾಡುತ್ತಿದ್ದೀರಿ ಅಂತ ಅವಳು ರೇಗಿಸುತ್ತಿದ್ದಾಳೆ. ಮಂತ್ರ ಇಲ್ಲ, ಗುಡುಗು ಇಲ್ಲ, ಪರದೆ ಸರಿಸಿದ್ದು ಅಷ್ಟೇ. ‘ಮಹಾ ಅದ್ಭುತ’ ಅನ್ನುವ ಉದ್ಗಾರ ನಾಟಕದಲ್ಲಿ ಬರುವುದು ಇಲ್ಲಿ. ಆದರೆ ತಂದೆಗೆ ಸಂತೋಷಪಡಲು ಭಯ. ಇದೂ ಈ ದ್ವೀಪದ ಕಣ್ಕಟ್ಟಾದರೆ ಒಬ್ಬನೇ ಮಗನನ್ನು ಎರಡು ಸಲ ಕಳೆದುಕೊಂಡಂತೆ ಅನ್ನುತ್ತಾನೆ. ಕಣ್ಕಟ್ಟಿನ ಬೆಲೆ ಅದು. ದಿನವಿಡೀ ಸುಳ್ಳು ತೋರಿಸಿದ ಮೇಲೆ ನಿಜ ತೋರಿಸಿದರೂ ಜನ ನಂಬಲು ಹೆದರುತ್ತಾರೆ. ಇಲ್ಲಿ ಅಲೋನ್ಸೋ ಓಡಿಹೋಗಿ ತಬ್ಬಿಕೊಳ್ಳಬಾರದು. ಮಗನೇ ಬಂದು ಮಂಡಿಯೂರುವವರೆಗೆ ನಿಂತಲ್ಲೇ ನಿಂತಿರಲಿ.

ಇನ್ನು ಬಿರುಗಾಳಿ. ಎರಡನೆಯ ಸಲ ಆಡಿಸಿದಾಗ ನಾವು ಹೊಗೆ ಬಿಟ್ಟೆವು, ಅಂದರೆ ಕೈಬಿಟ್ಟೆವು. ಎಂಟು ಜನ ಒಂದೇ ಹಗ್ಗ ಹಿಡಿದು ಒಟ್ಟಿಗೆ ಎಡಕ್ಕೆ ವಾಲುವುದು, ಒಟ್ಟಿಗೆ ಬಲಕ್ಕೆ ವಾಲುವುದು. ರಂಗದ ಅಂಚಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಏರಿಯಲ್ ಹುಡುಗ ಒಂದು ಉದ್ದ ತಗಡು ಅಲ್ಲಾಡಿಸುತ್ತಿದ್ದ. ಗುಡುಗು ಎಲ್ಲಿಂದ ಬರುತ್ತಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಹಡಗು ವಾಲಿದಾಗ ಮುಂದಿನ ಸಾಲಿನವರು ತಾವೂ ವಾಲಿದರು. ಪಾರಿಜಾತದ ಆಟದಲ್ಲಿ ಭಾಗವತ ಪಾತ್ರಗಳ ಪಕ್ಕದಲ್ಲೇ ನಿಂತಿರುತ್ತಾನಲ್ಲ, ಅದರಿಂದ ಕೃಷ್ಣ ಕೃಷ್ಣನಲ್ಲ ಅಂತ ಯಾರಿಗಾದರೂ ಅನ್ನಿಸಿದೆಯೇ? ತಗಡು ಅಲ್ಲಾಡಿಸಿ ಅಲ್ಲಾಡಿಸಿ ಆ ಹುಡುಗನ ಮೈ ಬೆವರಿತ್ತು. ಬೆವರು ಒರೆಸಿಕೊಳ್ಳುತ್ತ ಬಂದು, ನನ್ನ ಬಿಡುಗಡೆ ಯಾವಾಗ ಅಂತ ಕೇಳಿದಾಗ ಸಭೆ ಪೂರ್ತಿ ಅವನ ಕಡೆ ಆಯಿತು. ನಿಮ್ಮ ಹುಡುಗರ ಎರಡೂ ಪಕ್ಷಕ್ಕೆ ಅಲ್ಲಿ ಜಾಗ ಇದೆ.

ಅನುವಾದ ಹುಡುಕುತ್ತಿದ್ದರೆ, ಕುವೆಂಪು ಈ ನಾಟಕವನ್ನು 1930ರಲ್ಲೇ ‘ಬಿರುಗಾಳಿ’ ಅಂತ ಕನ್ನಡಕ್ಕೆ ತಂದಿದ್ದಾರೆ. ಅದು ನೇರ ಅನುವಾದ ಅಲ್ಲ, ನಮ್ಮ ನೆಲಕ್ಕೆ ಒಗ್ಗಿಸಿದ್ದು. ಓದಿ, ಆದರೆ ಸಂಭಾಷಣೆ ನಿಮ್ಮ ಹುಡುಗರ ನಾಲಿಗೆಗೆ ಹೊಂದುವ ಹಾಗೆ ನೀವೇ ಬರೆದುಕೊಳ್ಳಿ. ಕಂದಗಲ್ಲ ಹನುಮಂತರಾಯರಿಗೆ ಕರ್ನಾಟಕದ ಶೇಕ್ಸ್‌ಪಿಯರ್ ಅಂತ ಬಿರುದು ಕೊಟ್ಟ ಸೀಮೆ ನಮ್ಮದು, ಸಂಕೋಚ ಬೇಡ.

ಕಡೆಯದಾಗಿ ಭರತವಾಕ್ಯದಂಥ ಆ ಮಾತು. ನನ್ನ ಮಂತ್ರವೆಲ್ಲ ಹೋಯಿತು, ಈಗ ಉಳಿದದ್ದು ನನ್ನ ಸ್ವಂತ ಶಕ್ತಿ, ಅದು ಬಹಳ ಕಡಿಮೆ, ನಿಮ್ಮ ಚಪ್ಪಾಳೆಯಿಂದ ನನ್ನನ್ನು ಬಿಡಿಸಿ ಅಂತ ಪ್ರಾಸ್ಪೆರೋ ಪ್ರೇಕ್ಷಕರನ್ನು ಕೇಳುತ್ತಾನೆ. ಇಷ್ಟು ಹೊತ್ತು ಏರಿಯಲ್ ಇವನನ್ನು ಕೇಳಿದ್ದನ್ನೇ ಈಗ ಇವನು ನಮ್ಮನ್ನು ಕೇಳುತ್ತಾನೆ. ಆಗ ಸಭೆಯ ದೀಪಗಳನ್ನೆಲ್ಲ ಹಾಕಿಸಿ. ಪರದೆ ಎಳೆಯಬೇಡಿ, ಹಾಡು ಹಾಕಬೇಡಿ. ನಮ್ಮ ಪ್ರಾಸ್ಪೆರೋ ಕೈ ಮುಗಿದು ನಿಂತ. ಚಪ್ಪಾಳೆ ತಟ್ಟಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವನು ನಿಂತೇ ಇದ್ದ. ಆ ಅಜ್ಜರು ಈ ಸಲವೂ ಬಂದಿದ್ದರು, ಅದೇ ಮುಂದಿನ ಸಾಲು. ಸ್ವಲ್ಪ ಹೊತ್ತು ಅವನನ್ನೇ ನೋಡಿ, “ಬಿಡ್ರೆಪಾ ಅವನ್ನ, ಮನಿಗೆ ಹೋಗ್ಲಿ” ಅಂತ ಹೇಳಿ ತಾವೇ ಮೊದಲು ಚಪ್ಪಾಳೆ ಹೊಡೆದರು.